ಹಗೇವಿನ ಗಾಳಿ, ಸುಣ್ಣದ ತಿಳಿ

ಕುಷ್ಟಗಿ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾನು ವಿಜ್ಞಾನ ಹೇಳುತ್ತೇನೆ. ಇಂಗಾಲದ ಡೈಆಕ್ಸೈಡ್ ಪಾಠ ಬಂದಾಗ ಮೊದಲು ಹಗೇವಿನ ಮಾತು ತೆಗೆಯುತ್ತೇನೆ. ನೆಲದೊಳಗೆ ಜೋಳ ತುಂಬಿಡುವ ಹಗೇವು ಈಗ ಜಾಸ್ತಿ ಉಳಿದಿಲ್ಲ. ನಮ್ಮ ಅಜ್ಜ ಅದರ ಬಾಯಿ ತೆಗೆದು, ಹಗ್ಗ ಕಟ್ಟಿ ಕಂದೀಲು ಬಿಡುತ್ತಿದ್ದರು. ಆರಿದರೆ ಆ ದಿನ ಇಳಿಯುವ ಮಾತೇ ಇಲ್ಲ.

ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಮ್ಮಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ತಳದಲ್ಲೇ ಕೂರುತ್ತದೆ. ದೀಪ ಉರಿದರೂ ಸುಮ್ನೆ ನಂಬಿ ಇಳಿಯಬೇಡಿ ಅಂತ ಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಆಮೇಲೆ ಗಾಜಿನ ಪಾತ್ರೆಯಲ್ಲಿ ಗಿಡ್ಡ, ಉದ್ದ ಎರಡು ಮೇಣದಬತ್ತಿ ಹಚ್ಚುತ್ತೇನೆ. ಎತ್ತರದ ಜಗ್ಗಿನಲ್ಲಿ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ, ನೊರೆ ಇಳಿದ ಮೇಲೆ ಬರೀ ಅನಿಲವನ್ನು ನೀರು ಸುರಿದ ಹಾಗೆ ಬಗ್ಗಿಸುತ್ತೇನೆ. ಗಿಡ್ಡ ಬತ್ತಿ ಮೊದಲು ಆರುತ್ತದೆ. ಕಣ್ಣಿಗೆ ಕಾಣದ್ದು ಸುರಿಯಿತು ಅಂತ ಮಕ್ಕಳು ಪಾತ್ರೆಯೊಳಗೆ ಇಣುಕಿ ನೋಡುತ್ತಾರೆ.

ನನಗೆ ಹೆಚ್ಚು ಇಷ್ಟ ಸುಣ್ಣದ ತಿಳಿಯ ಪ್ರಯೋಗ. ಎಲೆ ಅಡಿಕೆಯ ಸುಣ್ಣವನ್ನು ರಾತ್ರಿ ನೀರಿಗೆ ಕದಡಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಬೇಕು. ಮುಚ್ಚಳ ಬಿಗಿಯಾಗಿರಲಿ. ಒಮ್ಮೆ ತೆರೆದಿಟ್ಟಿದ್ದೆ, ಮೇಲೆ ಬಿಳಿ ಕೆನೆ ಕಟ್ಟಿತ್ತು. ಗಾಳಿಯಲ್ಲಿ ಈ ಅನಿಲ ಇರುವುದು ಶೇಕಡಾ 0.04ರಷ್ಟು, ಅಷ್ಟೇ ಸಾಕಾಗಿತ್ತು. ನಾವು ಬಿಡುವ ಉಸಿರಿನಲ್ಲಿ ಅದು ಶೇಕಡಾ 4ರಷ್ಟು. ಹುಡುಗರು ಸ್ಟ್ರಾದಿಂದ ಮೆಲ್ಲಗೆ ಊದಿದರೆ ತಿಳಿ ಹಾಲಿನಂತಾಗುತ್ತದೆ. ಒಳಗೆ ಎಳೆದುಕೊಳ್ಳಬಾರದು, ಸುಣ್ಣ ಬಾಯಿ ಸುಡುತ್ತದೆ. ಆ ಬಿಳುಪು ಕ್ಯಾಲ್ಸಿಯಂ ಕಾರ್ಬೊನೇಟ್. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ.

ಮುಂದಿನದನ್ನು ಅನೇಕರು ಮಾಡಿ ತೋರಿಸುವುದಿಲ್ಲ. ಊದುತ್ತಾ ಹೋದರೆ ಬಹಳ ಹೊತ್ತು ಹಿಡಿಯುತ್ತದೆ, ಅದಕ್ಕೆ ಸೋಡಾ ನಿಂಬೆಯ ಅನಿಲವನ್ನೇ ಪೈಪಿನಲ್ಲಿ ಬಿಡುತ್ತೇನೆ. ಬಿಳಿ ನೀರು ಮತ್ತೆ ತಿಳಿಯಾಗುತ್ತದೆ! ಕಾರ್ಬೊನೇಟ್ ಹೋಗಿ ನೀರಲ್ಲಿ ಕರಗುವ ಬೈಕಾರ್ಬೊನೇಟ್ ಆಗಿರುತ್ತದೆ. ಆ ನೀರನ್ನು ಕುದಿಸಿದರೆ ಅನಿಲ ಹೊರಟು ಬಿಳುಪು ವಾಪಸ್ ಬರುತ್ತದೆ.

ಹೋದ ವರ್ಷ ಇದನ್ನು ನೋಡಿದ ಒಬ್ಬ ಹುಡುಗಿ, "ಸರ್, ನಮ್ಮ ಬೋರಿನ ನೀರು ಕಾಸೋ ಪಾತ್ರೆ ತಳದಲ್ಲೂ ಹಿಂಗೇ ಬೆಳ್ಳಗೆ ಕೂರ್ತದಲ್ರೀ?" ಅಂದಳು. ಮರುದಿನ ಅದನ್ನು ಕೆರೆದು ಪೊಟ್ಟಣ ಕಟ್ಟಿಕೊಂಡು ಬಂದಳು. ಅದರ ಮೇಲೆ ನಿಂಬೆರಸ ಬಿಟ್ಟೆವು. ಬುಸ್ ಅಂತ ಗುಳ್ಳೆ ಎದ್ದವು.