ಕೊಡಗಿನ ಮನೆಯಲ್ಲಿ ತೆನೆ ಹಬ್ಬ: ಮೊದಲು ಕದಿರು, ಆಮೇಲೆ ಅಡುಗೆ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿ ಕ್ರೈಸ್ತರಿಗೆ ಅದೇ ಮೊಂತಿ ಫೆಸ್ತ್, ಹೊಸ ಭತ್ತದ ತೆನೆ ಹಬ್ಬ. ಕರಾವಳಿಯಲ್ಲಿ ಅಷ್ಟು ಹೊತ್ತಿಗೆ ಗದ್ದೆಯಲ್ಲಿ ತೆನೆ ಬಂದಿರುತ್ತದೆ. ಕೊಡಗಿನ ಕಥೆ ಬೇರೆ. ಇಲ್ಲಿ ನಾಟಿಯೇ ಜುಲೈ, ಆಗಸ್ಟಿನಲ್ಲಿ. ನಮ್ಮ ಗದ್ದೆಯ ಕದಿರು ಕೈಗೆ ಬರುವುದು ನವೆಂಬರ್, ಡಿಸೆಂಬರಿನ ಹುತ್ತರಿ ಹೊತ್ತಿಗೆ, ಅಂದರೆ ಕೊಡವರ ಹೊಸ ಅಕ್ಕಿಯ ಹಬ್ಬಕ್ಕೆ. ಹಾಗಾಗಿ ಇಲ್ಲಿ ಹಬ್ಬ ಮಾಡುವವರು ಮೊದಲು ವಿಚಾರಿಸಬೇಕಾದ್ದು ತೆನೆಯನ್ನು. ತರಕಾರಿಯ ಪಟ್ಟಿ ಆಮೇಲೆ ಬರೆದರಾಯಿತು.

ಆಗಸ್ಟ್ ಕೊನೆಯ ವಾರದಲ್ಲೇ ನಿಮ್ಮ ಚರ್ಚಿನಲ್ಲಿ ಕೇಳಿಕೊಳ್ಳಿ: ಆಶೀರ್ವದಿಸಿದ ತೆನೆ ಕೊಡುತ್ತಾರೆಯೇ, ಮನೆಗೆ ಎಷ್ಟು? ಇಲ್ಲವಾದರೆ ಮಂಗಳೂರು, ಬಂಟ್ವಾಳದ ಕಡೆಯ ನೆಂಟರಿಗೆ ಹೇಳಿ ತರಿಸಿ, ಪೂಜೆಯ ದಿನ ಗುರುಗಳಿಂದ ಆಶೀರ್ವಾದ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಹಳೆ ಪೇಪರಿನಲ್ಲಿ ಸುತ್ತಿ, ಒಲೆಯ ಹತ್ತಿರ ತೂಗುಹಾಕಿ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಹಬ್ಬಕ್ಕೆ ಮುಂಚಿನ ಪ್ರಾರ್ಥನೆ. ದೇವರ ಮೂಲೆಯಲ್ಲಿ ಶಿಶು ಮರಿಯಮ್ಮನ ಪ್ರತಿಮೆಯನ್ನೋ ಪಟವನ್ನೋ ಇಟ್ಟು, ದಿನವೂ ಮಕ್ಕಳ ಕೈಯಲ್ಲಿ ಹೂ ಹಾಕಿಸಿ. ಹೂವಿಗೆ ದುಡ್ಡು ಸುರಿಯಬೇಕಾಗಿಲ್ಲ. ಮಳೆಗಾಲದ ಕೊಡಗಿನ ಅಂಗಳದಲ್ಲಿ ಡೇಲಿಯಾ, ಕಾಶಿತುಂಬೆ ಇದ್ದೇ ಇರುತ್ತವೆ. ಮರಿಯಮ್ಮನ ತಾಯಿ ಸಂತ ಅನ್ನಮ್ಮನವರ ಚಿತ್ರವೂ ಜೊತೆಗಿದ್ದರೆ ನಮ್ಮ ಜಿಲ್ಲೆಗೆ ಒಪ್ಪುತ್ತದೆ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ, ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟವನು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ವಿರಾಜಪೇಟೆಯಲ್ಲಿ 1792ರಲ್ಲಿ ಅವರಿಗಾಗಿ ನೆಲೆಯಾದ ಚರ್ಚು ಸಂತ ಅನ್ನಮ್ಮನವರದ್ದೇ.

ಈ ಒಂಬತ್ತು ದಿನ ಮೀನು, ಮಾಂಸ ಬಿಡುವ ಮನೆಗಳಿವೆ. ನಡುವೆ ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ, ಪಕ್ಕದ ಮನೆಯ ಕೊಡವರು ಪಂದಿಕರಿ (ಹಂದಿ ಮಾಂಸದ ಸಾರು) ಊಟಕ್ಕೆ ಕರೆಯುತ್ತಾರೆ! ಬಿಡುವುದು ಮನೆಮನೆಯ ರೂಢಿಯೇ ಹೊರತು ಚರ್ಚಿನ ಕಟ್ಟಳೆಯಲ್ಲ. ಊಟಕ್ಕೆ ಹೋಗಿ, ಬೇಡವೆನ್ನಿಸಿದರೆ ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆಗೆ) ತರಕಾರಿ ಸಾರು ಹಾಕಿಸಿಕೊಳ್ಳಿ. ಹೋಗದೇ ಇರುವುದು ಮಾತ್ರ ಚೆನ್ನಾಗಿರುವುದಿಲ್ಲ.

ಹಬ್ಬದ ಅಡುಗೆ ಪೂರ್ತಿ ಸಸ್ಯಾಹಾರ, ಬಾಳೆಲೆಯಲ್ಲಿ. ಬಗೆಗಳು ಬೆಸ ಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಒಂಬತ್ತು. ಉಪ್ಪಿನಕಾಯಿ ಲೆಕ್ಕಕ್ಕುಂಟೋ ಇಲ್ಲವೋ ಎಂಬ ಜಗಳ ಪ್ರತಿ ವರ್ಷವೂ ಆಗುತ್ತದೆ, ಆಗಲಿ ಬಿಡಿ. ನಾನಾದರೆ ಐದಕ್ಕೇ ನಿಲ್ಲಿಸಿ ಎನ್ನುತ್ತೇನೆ. ಒಂಬತ್ತು ಮಾಡಲು ಹೋಗಿ ಮನೆಯ ಹೆಂಗಸರು ಪ್ರಾರ್ಥನೆಯ ಹೊತ್ತಿಗೂ ಒಲೆ ಮುಂದೆಯೇ ಉಳಿದರೆ ಅದೆಂಥ ಹಬ್ಬ? ಬೆಂಡೆ, ತೊಂಡೆ, ಸೌತೆ ಹೇಗೂ ಸುಲಭ. ಕೆಸುವಿನ ದಂಟು ಮತ್ತು ಹರಿವೆ ದಂಟಿನ ಪದಾರ್ಥ ಬಿಡಬೇಡಿ. ದಂಟಿನ ನಾರು ಎಳೆದು, ಬೆರಳುದ್ದ ಹೆಚ್ಚಿ, ಕಾಯಿ ಮಸಾಲೆಯಲ್ಲಿ ಬೇಯಿಸಬೇಕು. ತುರಿಕೆಗೆ ಕರಾವಳಿಯವರು ಅಮಟೆಕಾಯಿ ಹಾಕುತ್ತಾರೆ. ನಮ್ಮಲ್ಲಿ ಒಂದು ಚಮಚ ಕಾಚಂಪುಳಿ, ಕೊಡಗಿನ ಕಪ್ಪು ಹುಳಿರಸ, ಸಾಕು. ಬಣ್ಣ ಕಪ್ಪಿಗೆ ತಿರುಗುತ್ತದೆ, ರುಚಿಗೇನೂ ಮೋಸವಿಲ್ಲ.

ಪಾಯಸಕ್ಕೆ ಒಂದು ಲೋಟ ಹೆಸರುಬೇಳೆ ಹುರಿದು ಬೇಯಿಸಿ, ಮುಕ್ಕಾಲು ಲೋಟ ಬೆಲ್ಲ ಕರಗಿಸಿ ಸೋಸಿ ಹಾಕಿ. ಒಂದು ತೆಂಗಿನಕಾಯಿಯ ಎರಡನೇ ಹಾಲಿನಲ್ಲಿ ಕುದಿಸಿ, ಇಳಿಸುವ ಮುಂಚೆ ಮೊದಲ ಹಾಲು, ಏಲಕ್ಕಿ. ಮೊದಲ ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ.

ಹಬ್ಬ ವಾರದ ನಡುವೆ ಬಂದರೆ, ತೋಟದ ಕೆಲಸ, ಶಾಲೆ ಮುಗಿಸಿ ಎಲ್ಲರೂ ಸೇರುವ ರಾತ್ರಿಯೂಟಕ್ಕೇ ಇಟ್ಟುಕೊಳ್ಳಿ. ಊಟಕ್ಕೆ ಮುಂಚೆ ತೆನೆಯಿಂದ ತಲೆಗಿಷ್ಟು ಕಾಳು ಬಿಡಿಸಿ, ಉಗುರಿನಿಂದ ಹೊಟ್ಟು ಸುಲಿಯಿರಿ. ಎಳೆಯ ಕಾಳಾದರೆ ಒತ್ತಿದ ಕೂಡಲೇ ಬಿಳಿ ಹಾಲು ಬೆರಳಿಗೆ ಅಂಟುತ್ತದೆ. ಹೊಟ್ಟಿನ ಚೂರು ಉಳಿದರೆ ಮಕ್ಕಳ ಗಂಟಲಿಗೆ ಚುಚ್ಚೀತು, ಬೆಳಕಿನಲ್ಲಿ ನೋಡಿ ತೆಗೆಯಿರಿ. ಅಕ್ಕಿಯನ್ನು ಜಜ್ಜಿ ಒಂದು ಬಟ್ಟಲು ಹಾಲಿಗೋ ಪಾಯಸಕ್ಕೋ ಬೆರೆಸಿ ದೇವರ ಮುಂದಿಡಿ. ಜಪಸರ ಮುಗಿಸಿ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ ಓದಿಸಿ. ಅಬ್ರಹಾಮನಿಂದ ಶುರುವಾಗುವ ಹೆಸರುಗಳ ಸಾಲಿಗೆ ಮಕ್ಕಳು ಆಕಳಿಸುತ್ತಾರೆ; 18ನೇ ವಚನದಿಂದ ಓದಿದರೂ ನಡೆಯುತ್ತದೆ. ಆಮೇಲೆ ಮನೆಯ ಹಿರಿಯರು ಆ ಬಟ್ಟಲಿನಿಂದ ಎಲ್ಲರಿಗೂ ಒಂದೊಂದು ಚಮಚ ಹಂಚುತ್ತಾರೆ. ಊಟಕ್ಕೆ ಕರೆದ ಗೆಳೆಯರು ಯಾವ ಜಾತಿ, ಯಾವ ಮತದವರಾದರೂ ಪಾಲು ಕೊಡಿ. ಹೊಸ ಅಕ್ಕಿ ಉಣ್ಣುವುದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವವರ ಪಾಲಿನ ಕಾಳನ್ನು ಸುಲಿಯದೆ ಹಾಗೇ ಎತ್ತಿಡಿ. ಚೆನ್ನಾಗಿ ಒಣಗಿಸಿ ಲಕೋಟೆಯಲ್ಲಿ ಹಾಕಿ ಕಳಿಸಿದರೆ ಅಲ್ಲಿ ಹಾಲಿಗೆ ಬೆರೆಸಿಕೊಳ್ಳುತ್ತಾರೆ. ಹೊರದೇಶಕ್ಕಾದರೆ ಅಲ್ಲಿನ ಕಸ್ಟಮ್ಸ್ ಧಾನ್ಯದ ಕಾಳು ಬಿಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.