ಬ್ಯಾಡಗಿಯ ಹಳೆ ಯೂನಿಕ್ಸ್‌ಗೆ ಹುಬ್ಬಳ್ಳಿಯಿಂದ ಲಾಗಿನ್: ನನ್ನ ಅನುಭವ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಇವತ್ತಿಗೂ ಸ್ಕೋ ಓಪನ್‌ಸರ್ವರ್ 5 ಎಂಬ ಹಳೆ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುತ್ತದೆ. ರೈತರ ಪಟ್ಟಿ (ಬಿಲ್), ಹಮಾಲಿ, ದಲಾಲಿ ಎಲ್ಲಾ ಕೋಬಾಲ್ ಎಂಬ ಹಳೆ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮಿನಲ್ಲಿ. ಆ ಪ್ರೋಗ್ರಾಮ್ ಗಟ್ಟಿಯಾಗೇ ಇದೆ. ಕೈಕೊಟ್ಟಿದ್ದು ಸೀರಿಯಲ್ ಕೇಬಲ್‌ನ ಟರ್ಮಿನಲ್‌ಗಳು, ಅಂದರೆ ಆ ಮಷಿನ್‌ಗೆ ಜೋಡಿಸಿದ ಪರದೆ-ಕೀಬೋರ್ಡ್‌ಗಳು. ಅವುಗಳ ಜಾಗಕ್ಕೆ ಪಿಸಿ ಕೂರಿಸಿ, ಹುಬ್ಬಳ್ಳಿಯಿಂದಲೂ ನೋಡಿಕೊಳ್ಳುವಂತೆ ಮಾಡಬೇಕಿತ್ತು.

ಸೋಮವಾರ, ಗುರುವಾರ ಮಾರುಕಟ್ಟೆ. ಆಗ ಮಷಿನ್ ಮುಟ್ಟುವ ಹಾಗಿಲ್ಲ. ಭಾನುವಾರ ಹೋಗಿ, ಬ್ಯಾಕಪ್ ತೆಗೆದು, ಸ್ಕೋದ ನೆಟ್‌ವರ್ಕ್ ಹೊಂದಿಸುವ ಸಾಧನ ನೆಟ್‌ಕಾನ್ಫಿಗ್‌ನಲ್ಲಿ ಐಪಿ ವಿಳಾಸ ಕೊಟ್ಟೆ. ನೆಟ್‌ವರ್ಕ್ ಸೇವೆಗಳನ್ನು ಶುರು ಮಾಡುವ ಐನೆಟ್‌ಡಿಯ ಕಡತದಲ್ಲಿ ಫಿಂಗರ್, ಆರ್‌ಲಾಗಿನ್, ಟಿಎಫ್‌ಟಿಪಿ ಎಂಬ ಹಳೆ ಸೇವೆಗಳ ಸಾಲುಗಳ ಮುಂದೆ # ಹಾಕಿ ಅವನ್ನು ನಿಲ್ಲಿಸಿ, ದೂರದಿಂದ ಲಾಗಿನ್ ಆಗುವ ಟೆಲ್ನೆಟ್ ಒಂದನ್ನೇ ಉಳಿಸಿದೆ.

ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚಾಗಿ ಹೋಗುತ್ತದೆ. ಹಾಗಾಗಿ ರೌಟರ್‌ನಲ್ಲಿ ಟೆಲ್ನೆಟ್‌ನ 23ನೇ ಪೋರ್ಟನ್ನು ಇಂಟರ್ನೆಟ್ ಕಡೆಗೆ ತೆರೆಯಲೇಬಾರದು. ಹಳೆ ಮಷಿನ್‌ಗೇ ಎಸ್‌ಎಸ್‌ಎಚ್ (ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಲಾಗಿನ್) ಹಾಕಬಹುದಲ್ವಾ ಅಂತ ಕೇಳುತ್ತಾರೆ. ಆ ಕಾಲದ ಎಸ್‌ಎಸ್‌ಎಚ್‌ನ ಗೂಢಲಿಪಿ ವಿಧಾನಗಳನ್ನು ಈಗಿನ ಎಷ್ಟೋ ಕ್ಲೈಂಟ್‌ಗಳು (ಲಾಗಿನ್ ಆಗುವ ಕಡೆಯ ಪ್ರೋಗ್ರಾಮ್‌ಗಳು) ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ಎರಡು ನೆಟ್‌ವರ್ಕ್ ಕಾರ್ಡಿನ ಒಂದು ಲಿನಕ್ಸ್ ಪೆಟ್ಟಿಗೆ ಮುಂದಿಟ್ಟೆ. ಅಲ್ಲಿವರೆಗೆ ಪಾಸ್‌ವರ್ಡ್ ಬದಲು ಕೀ ಕಡತ ಬಳಸುವ ಎಸ್‌ಎಸ್‌ಎಚ್. ಅಲ್ಲಿಂದಾಚೆ ಗಿಡ್ಡ ಕೇಬಲ್ ಮೇಲೆ ಟೆಲ್ನೆಟ್. ಅಂಗಡಿಯ ಪಿಸಿಗಳಿಗೂ ಅದೇ ದಾರಿ.

ಲಾಗಿನ್ ಆಯಿತು. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ.

"ಸರ, ಎಫ್-2 ಒತ್ತಿದ್ರೂ ಸೇವ್ ಆಗವಲ್ದ್ರಿ" ಅಂದರು ಗುಮಾಸ್ತರು. ಪಿಸಿಯಲ್ಲಿ ಲಾಗಿನ್‌ಗೆ ಬಳಸುವ ಪುಟ್ಟಿ ಪ್ರೋಗ್ರಾಮನ್ನು ಸುಮ್ನೆ ಬಿಟ್ಟರೆ ಅದು ಎಫ್-2ಕ್ಕೆ ಎಸ್ಕೇಪ್ [12~ ಕಳಿಸುತ್ತದೆ. ಸ್ಕೋ ಕಾಯುವುದು ಎಸ್ಕೇಪ್, [, ದೊಡ್ಡಕ್ಷರದ ಎನ್. ಪುಟ್ಟಿಯ ಕೀಬೋರ್ಡ್ ಪುಟದಲ್ಲಿ 'ಸ್ಕೋ' ಆರಿಸಿ, ಟರ್ಮಿನಲ್ ಹೆಸರು 'ಸ್ಕೋಆನ್ಸಿ' ಅಂತ ಕೊಟ್ಟ ಮೇಲೆ ಸೇವ್ ಆಯಿತು. ಪರದೆಯ ಚೌಕಟ್ಟಿನ ಗೆರೆಗಳ ಜಾಗದಲ್ಲಿ ಏನೇನೋ ಅಕ್ಷರ ಬರುತ್ತಿದ್ದವು. ಅದಕ್ಕೆ ಪುಟ್ಟಿಯಲ್ಲಿ ಅಕ್ಷರ ಸೆಟ್ ಸಿಪಿ437 (ಗೆರೆಗಳ ಚಿಹ್ನೆ ಇರುವ ಹಳೆ ಪಿಸಿ ಅಕ್ಷರ ಸೆಟ್) ಮಾಡಿ, ಲಿನಕ್ಸ್ ಕಡೆ ಟೆಲ್ನೆಟ್ ಅನ್ನು ಎಂಟೂ ಬಿಟ್ ಹಾಗೇ ಕಳಿಸುವ -8 ಹಾಕಿ ಓಡಿಸಬೇಕು. ಇಷ್ಟಕ್ಕೆ ಬೇಸರಪಟ್ಟು ಎಷ್ಟೋ ಜನ ಒಳ್ಳೆ ಪ್ರೋಗ್ರಾಮನ್ನೇ ಕೈಬಿಡುತ್ತಾರೆ. ನನಗೆ ಅದು ಸಂಕಟ. ಗುಮಾಸ್ತರ ಬೆರಳಿಗೆ ರೂಢಿಯಾದ ಕೀ ಹಾಗೇ ಉಳಿಯಬೇಕು.

ಕೊನೆಗೆ ಪಟ್ಟಿ ಪ್ರಿಂಟ್. ಮೊದಲು ಡಾಟ್ ಮ್ಯಾಟ್ರಿಕ್ಸ್ ಇದ್ದದ್ದು ಟರ್ಮಿನಲ್‌ನ ಹಿಂದಿನ ಪೋರ್ಟಿನಲ್ಲಿ. ಪ್ರೋಗ್ರಾಮ್ ಎಸ್ಕೇಪ್ [5i ಕಳಿಸಿ ಪ್ರಿಂಟರ್ ತೆರೆಯುತ್ತದೆ, [4i ಕಳಿಸಿ ಮುಚ್ಚುತ್ತದೆ. ಪುಟ್ಟಿಗೂ ಇದು ಗೊತ್ತು. ಟರ್ಮಿನಲ್ ಪುಟದಲ್ಲಿ ಪ್ರಿಂಟರ್ ಹೆಸರು ಆರಿಸಿದರೆ ಸಾಕು, ಪ್ರೋಗ್ರಾಮಿನ ಒಂದು ಸಾಲೂ ಬದಲಾಗದೆ ಪಟ್ಟಿ ಹೊರಗೆ ಬರುತ್ತದೆ.