ಗ್ರಹಣದ ಒನಕೆಯನ್ನು ಪರೀಕ್ಷಿಸುವ ಬಗೆ

ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ, ಅದರ ನಡುವೆ ಒನಕೆಯನ್ನು ಆಸರೆಯಿಲ್ಲದೆ ನಿಲ್ಲಿಸುವ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಒನಕೆ ನಿಂತಿರುವಷ್ಟು ಹೊತ್ತು ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ ಎಂಬುದು ನಂಬಿಕೆ. ವಿಮರ್ಶಾತ್ಮಕ ಚಿಂತನೆಯನ್ನು ರೂಢಿಸಿಕೊಳ್ಳಲು ಈ ನಂಬಿಕೆಯನ್ನು ಪರೀಕ್ಷಿಸಿ ನೋಡುವುದು ಒಳ್ಳೆಯ ಅಭ್ಯಾಸ. ಕಣ್ಣು ಕಂಡದ್ದು, ಬುದ್ಧಿ ಊಹಿಸಿದ್ದು, ಮನೆ ಕಲಿಸಿದ್ದು ಈ ಮೂರೂ ಇಲ್ಲಿ ಬೆರೆತುಕೊಂಡಿವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿಯಬೇಕು.

ಮೊದಲಿಗೆ, ಕಂಡದ್ದನ್ನು ಮಾತ್ರ ಬರೆದುಕೊಳ್ಳಿ. "ಗ್ರಹಣದ ಶಕ್ತಿಯಿಂದ ಒನಕೆ ನಿಂತಿತು" ಎಂಬುದನ್ನು ಯಾರ ಕಣ್ಣೂ ಕಂಡಿರುವುದಿಲ್ಲ. ಇಷ್ಟು ಗಂಟೆಗೆ, ಇಂಥವರು, ಇಷ್ಟನೆಯ ಪ್ರಯತ್ನದಲ್ಲಿ ನಿಲ್ಲಿಸಿದಾಗ ನಿಂತಿತು ಎಂಬುದಷ್ಟೇ ಕಂಡದ್ದು. ಹೀಗೆ ಬರೆಯತೊಡಗಿದೊಡನೆ, ನಿಲ್ಲುವ ಮುನ್ನ ಅದು ಎಷ್ಟು ಸಲ ವಾಲಿತು, ಕೈ ಎಷ್ಟು ಹೊತ್ತು ಹಿಡಿದು ಸಮತೋಲ ಹುಡುಕಿತು ಎಂಬ, ಸಾಮಾನ್ಯವಾಗಿ ನೆನಪಿನಿಂದ ಜಾರಿಹೋಗುವ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಬಿದ್ದ ಒನಕೆಯ ಫೋಟೋ ತೆಗೆದು ಯಾರೂ ವಾಟ್ಸಾಪ್‌ನಲ್ಲಿ ಹಂಚುವುದಿಲ್ಲ.

ಎರಡನೆಯದು ತರ್ಕ, ಹೆಚ್ಚಿನವರು ಎಡವುವುದು ಇಲ್ಲಿಯೇ. ನ್ಯಾಯಶಾಸ್ತ್ರವೆಂಬ ನಮ್ಮ ಹಳೆಯ ತರ್ಕಪರಂಪರೆ ಅನ್ವಯ, ವ್ಯತಿರೇಕ ಎಂಬ ಎರಡು ಪರೀಕ್ಷೆಗಳನ್ನು ಹೇಳುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ಅಡುಗೆಮನೆಯನ್ನು ತೋರಿಸುವುದು ಅನ್ವಯ. ಬೆಂಕಿಯಿಲ್ಲದ ಕೆರೆಯಲ್ಲಿ ಹೊಗೆಯೂ ಇಲ್ಲವೆಂದು ತೋರಿಸುವುದು ವ್ಯತಿರೇಕ. ಒನಕೆಯ ವಿಷಯದಲ್ಲಿ ನಾವು ಮಾಡುವುದು ಮೊದಲನೆಯದನ್ನು ಮಾತ್ರ. ಗ್ರಹಣವಿಲ್ಲದ ದಿನ ಅದೇ ಒನಕೆಯನ್ನು, ಅದೇ ತಟ್ಟೆಯಲ್ಲಿ, ಅಷ್ಟೇ ತಾಳ್ಮೆಯಿಂದ ನಿಲ್ಲಿಸಿ ನೋಡಿದವರು ವಿರಳ. ನೋಡಿದರೆ, ಬುಡ ಚಪ್ಪಟೆಯಾಗಿದ್ದು ನೆಲ ಮಟ್ಟಸವಾಗಿದ್ದಲ್ಲಿ ಅದು ಆ ದಿನವೂ ನಿಲ್ಲುತ್ತದೆ, ಏಕೆಂದರೆ ಒನಕೆಯ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಬುಡದ ಒಳಗೇ ಬೀಳುವಷ್ಟು ಕಾಲ ಅದು ಬೀಳಬೇಕಾದ ಕಾರಣವಿಲ್ಲ. ಸೂರ್ಯ ಚಂದ್ರರು ಒಂದೇ ಕಡೆಯಿಂದ ಎಳೆಯುವುದರಿಂದ ನಿಲ್ಲುತ್ತದೆ ಎಂಬ ವಿವರಣೆಯನ್ನೂ ಇದೇ ರೀತಿ ಪರೀಕ್ಷಿಸಬಹುದು: ಆ ಎಳೆತ ಪ್ರತಿ ಅಮಾವಾಸ್ಯೆಯಂದೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾದರೆ ಒನಕೆ ಪ್ರತಿ ಅಮಾವಾಸ್ಯೆಗೂ ನಿಲ್ಲಬೇಕು. ಚಂದ್ರಗ್ರಹಣದಲ್ಲಂತೂ ಅವೆರಡೂ ಭೂಮಿಯ ಎದುರುಬದುರು ದಿಕ್ಕುಗಳಲ್ಲಿರುತ್ತವೆ.

ವ್ಯತಿರೇಕವನ್ನು ಮರೆಯುವುದು ನಮ್ಮೂರಿನವರ ದೌರ್ಬಲ್ಯ ಮಾತ್ರವಲ್ಲ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ಒಗಟಿನಲ್ಲಿ, ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಸಂಖ್ಯೆ ಇರುವ ನಾಲ್ಕು ಕಾರ್ಡುಗಳಿದ್ದವು; ಮೇಲೆ ಕಾಣುತ್ತಿದ್ದುದು ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. "ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ" ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವುವನ್ನು ತಿರುಗಿಸಬೇಕು ಎಂಬುದು ಪ್ರಶ್ನೆ. ಸ್ವರದ ಕಾರ್ಡನ್ನೂ ಬೆಸಸಂಖ್ಯೆಯ ಕಾರ್ಡನ್ನೂ ತಿರುಗಿಸಬೇಕು, ಏಕೆಂದರೆ ಬೆಸಸಂಖ್ಯೆಯ ಹಿಂದೆ ಸ್ವರವಿದ್ದರೆ ನಿಯಮ ಸುಳ್ಳಾಗುತ್ತದೆ. ಹೆಚ್ಚಿನವರು ಬೆಸಸಂಖ್ಯೆಯದನ್ನು ಮುಟ್ಟುವುದೇ ಇಲ್ಲ. ಆದರೆ 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು ಇದೇ ಒಗಟನ್ನು ಬಿಯರ್ ಕುಡಿಯುವವರಿಗೆ ಇಂತಿಷ್ಟು ವಯಸ್ಸಾಗಿರಬೇಕೆಂಬ ನಿಯಮವಾಗಿ ಬದಲಿಸಿ ಅಮೆರಿಕದ ವಿದ್ಯಾರ್ಥಿಗಳ ಮುಂದಿಟ್ಟಾಗ ಬಹುಪಾಲು ಮಂದಿ ಸರಿಯಾಗಿ ಉತ್ತರಿಸಿದರು. ಬೆಳೆದ ಪರಿಸರದಲ್ಲಿ ಪರಿಚಿತವಾದ ನಿಯಮವನ್ನು ಯಾರು ಮುರಿಯಬಹುದು ಎಂದು ಹುಡುಕುವ ಅಭ್ಯಾಸ ನಮಗಿರುತ್ತದೆ. ತರ್ಕಶಕ್ತಿ ಎಲ್ಲ ವಿಷಯಗಳಲ್ಲೂ ಒಂದೇ ಸಮನಾಗಿ ಓಡುವುದಿಲ್ಲ.

ಮೂರನೆಯದಾಗಿ, ಯಾವ ಪ್ರಶ್ನೆಯನ್ನು ಕೇಳಬಾರದೆಂದು ನಿಮ್ಮ ಮನೆ ಕಲಿಸಿತ್ತು ಎಂಬುದನ್ನು ಗುರುತಿಸಿ. ಹಿರಿಯರಿಗೆ ಎದುರಾಡಬಾರದೆಂದು ಬೆಳೆದ ಮಗುವಿಗೆ ಒನಕೆಯ ಬಗೆಗಿನ ಅನುಮಾನವೇ ಅಜ್ಜಿಯ ಬಗೆಗಿನ ಅಗೌರವವಾಗಿ ತೋರುತ್ತದೆ. ನಂಬಿಕೆಗಳನ್ನೆಲ್ಲ ಹಾಸ್ಯ ಮಾಡುವ ಮನೆಯಲ್ಲಿ ಬೆಳೆದವರೂ ಇದರಿಂದ ಹೊರತಲ್ಲ: "ಒನಕೆ ನಿಲ್ಲುವುದೇ ಇಲ್ಲ, ಎಲ್ಲ ಮೋಸ" ಎಂದು ಅವರು ನೋಡದೆಯೇ ತೀರ್ಪು ಕೊಡುತ್ತಾರೆ, ಆದರೆ ಒನಕೆ ನಿಜವಾಗಿಯೂ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇವರಿಬ್ಬರ ತಪ್ಪೂ ಒಂದೇ: ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದಾಗ, ಪರೀಕ್ಷೆಗೆ ಒಡ್ಡಬಹುದಾದ ಮೂಢನಂಬಿಕೆಗಳನ್ನೇ ಅದರ ವ್ಯಾಪ್ತಿಗೆ ತಂದಿದ್ದರು. ಪರೀಕ್ಷಿಸಬಹುದಾದುದನ್ನು ಪರೀಕ್ಷಿಸಿಯೇ ತೀರ್ಮಾನಿಸುವ ಆ ಎಚ್ಚರ ನಮಗೂ ಬೇಕು.

ಪರೀಕ್ಷೆಯನ್ನು ಮನೆಯವರೊಂದಿಗೆ ಕೂಡಿಯೇ ಮಾಡಿ. "ಅಜ್ಜಿ, ನಾಳೆಯೂ ಒಮ್ಮೆ ನಿಲ್ಲಿಸಿ ನೋಡೋಣವೇ?" ಎಂದು ಕೇಳಿದರೆ ಜಗಳವಾಗುವುದಿಲ್ಲ, ಒನಕೆ ನಿಲ್ಲಿಸುವ ಕೈಚಳಕವೂ ಬಹುಶಃ ಅವರಿಗೇ ಹೆಚ್ಚು. ಯಾವ ಫಲ ಬಂದರೆ ಯಾರ ಮಾತು ತಪ್ಪೆಂದು ಒಪ್ಪಬೇಕು ಎಂಬುದನ್ನು ಮೊದಲೇ ಬರೆದಿಡಿ, ಇಲ್ಲವಾದರೆ ಒನಕೆ ಬಿದ್ದ ಮೇಲೆ ಇಬ್ಬರಿಗೂ ಹೊಸ ಕಾರಣಗಳು ಹೊಳೆಯುತ್ತವೆ. ಗ್ರಹಣದ ದಿನವೇ ಪರೀಕ್ಷಿಸುವುದಾದರೆ, ಹಿಡಿಯುವ ಬಿಡುವ ವೇಳೆ ತಿಳಿಯದವರೊಬ್ಬರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಗ್ರಹಣಕ್ಕೆ ಮುಂಚೆ, ನಡುವೆ, ನಂತರ ಒನಕೆ ನಿಲ್ಲಿಸಲು ಹೇಳಿ. ನಿಂತ ಮತ್ತು ಬಿದ್ದ ಸಮಯಗಳನ್ನು ಇನ್ನೊಬ್ಬರು ಗುರುತು ಹಾಕಿಕೊಂಡು, ಪಂಚಾಂಗದ ವೇಳೆಯೊಡನೆ ಕೊನೆಗೆ ಹೋಲಿಸಲಿ.